ಮಕ್ಕಳ ಆಸ್ಪತ್ರೆ ಭೇಟಿ ಮತ್ತು ಇಬ್ಬರ ದುಡಿಮೆ: ಕೊಡಗಿನ ದಂಪತಿಗಳಿಗೆ ಸಮಗ್ರ ಮಾರ್ಗದರ್ಶಿ

ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಎಂದಾಗ ನಮ್ಮ ಕಣ್ಣಿಗೆ ಬೀಳುವುದು ಆ ಒಂದು ದಿನದ ಪ್ರಯಾಣ ಮಾತ್ರ. ಆದರೆ ಲಸಿಕೆಯ ದಿನವನ್ನು ನೆನಪಿಟ್ಟುಕೊಳ್ಳುವುದು, ವೈದ್ಯರು ಆ ದಿನ ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸುವುದು, ರಜೆ ಕೇಳುವುದು, ಹಳೆಯ ಚೀಟಿಗಳನ್ನು ಹುಡುಕಿ ತೆಗೆದಿಡುವುದು, ಮರಳಿ ಬಂದ ಮೇಲೆ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ರಕ್ತಪರೀಕ್ಷೆಯ ವರದಿ ಬಂದಾಗ ಅದನ್ನು ವೈದ್ಯರಿಗೆ ತೋರಿಸುವುದು, ಇವೆಲ್ಲವೂ ಅದೇ ಕೆಲಸದ ಭಾಗಗಳು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ‘ಈ ಸಲ ನಾನು, ಮುಂದಿನ ಸಲ ನೀವು’ ಎಂಬ ಸರದಿ ನ್ಯಾಯವೆಂದು ತೋರುತ್ತದೆ. ಆದರೆ ಅದು ಹಂಚುವುದು ಪ್ರಯಾಣವನ್ನು ಮಾತ್ರ, ಉಳಿದುದೆಲ್ಲ ಬಹುಪಾಲು ಮನೆಗಳಲ್ಲಿ ತಾಯಿಯ ಮೇಲೆಯೇ ಉಳಿದುಬಿಡುತ್ತದೆ.

ಆದ್ದರಿಂದ ಇಲ್ಲಿ ಸೂಚಿಸುವ ಕ್ರಮ ಬೇರೆ. ಮಗುವಿನ ಆರೋಗ್ಯದ ಒಂದು ವಿಷಯವನ್ನು ಒಬ್ಬರು ಮೊದಲಿನಿಂದ ಕೊನೆಯವರೆಗೆ ವಹಿಸಿಕೊಳ್ಳಬೇಕು. ಯಾರು ಯಾವುದನ್ನು ವಹಿಸಿಕೊಳ್ಳುತ್ತಾರೆ ಎಂಬುದು ಕೊಡಗಿನ ಕೆಲಸದ ಕಾಲಗಳನ್ನು ನೋಡಿ ನಿರ್ಧಾರವಾಗಬೇಕು. ಮತ್ತು ಯಾರೇ ಹೋದರೂ ವೈದ್ಯರ ಪ್ರಶ್ನೆಗೆ ಒಬ್ಬರೇ ಉತ್ತರಿಸುವಷ್ಟು ಮಾಹಿತಿ ಇಬ್ಬರ ಬಳಿಯೂ ಇರಬೇಕು.

ಮೊದಲ ಹೆಜ್ಜೆ: ಇರುವ ಕೆಲಸವನ್ನು ಬರೆದು ನೋಡುವುದು

ಮಗು ಮಲಗಿದ ಮೇಲೆ ಇಬ್ಬರೂ ಕುಳಿತು, ಕಳೆದ ಒಂದು ವರ್ಷದಲ್ಲಿ ಮಗುವಿನ ಆರೋಗ್ಯಕ್ಕಾಗಿ ಏನೇನು ಮಾಡಬೇಕಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಲಸಿಕೆ, ಜ್ವರ, ಹಲ್ಲು, ಕಣ್ಣು, ಶಾಲೆಯ ತಪಾಸಣೆ, ತೂಕ ನೋಡಿಸಿದ್ದು, ಔಷಧಿ ಅಂಗಡಿಗೆ ಹೋದದ್ದು, ಆಶಾ ಕಾರ್ಯಕರ್ತೆಯ ಫೋನ್‌ಗೆ ಉತ್ತರಿಸಿದ್ದು, ಯಾವುದನ್ನೂ ಸಣ್ಣದೆಂದು ಬಿಡಬೇಡಿ. ಪ್ರತಿಯೊಂದರ ಮುಂದೆ ಅದನ್ನು ನೆನಪಿಟ್ಟುಕೊಂಡವರು ಯಾರು, ಏರ್ಪಾಡು ಮಾಡಿದವರು ಯಾರು, ಕರೆದುಕೊಂಡು ಹೋದವರು ಯಾರು, ಆಮೇಲೆ ನೋಡಿಕೊಂಡವರು ಯಾರು ಎಂದು ಗುರುತು ಹಾಕಿ. ಗಂಡ ಜೀಪು ಓಡಿಸಿ ಮಡಿಕೇರಿಗೆ ಕರೆದೊಯ್ದಿದ್ದರೂ ಉಳಿದ ಮೂರು ಅಂಕಣಗಳಲ್ಲಿ ಹೆಂಡತಿಯ ಹೆಸರೇ ಇರುವುದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ಈ ಹಾಳೆ ಒಬ್ಬರನ್ನೊಬ್ಬರು ದೂರುವುದಕ್ಕಲ್ಲ. ಕಾಣದ ಕೆಲಸವನ್ನು ಹಂಚುವುದು ಸಾಧ್ಯವಿಲ್ಲವಾದ್ದರಿಂದ ಮೊದಲು ಅದು ಇಬ್ಬರಿಗೂ ಕಾಣುವಂತಾಗಬೇಕು, ಅಷ್ಟೇ ಇದರ ಉದ್ದೇಶ.

ಎರಡನೇ ಹೆಜ್ಜೆ: ದುಡಿಮೆಯ ಕಾಲವನ್ನೂ ಮಗುವಿನ ಕಾಲವನ್ನೂ ಒಟ್ಟಿಗೆ ಇಟ್ಟು ನೋಡುವುದು

ನಗರದ ಕಚೇರಿ ಕೆಲಸಕ್ಕೆ ವರ್ಷದ ಎಲ್ಲ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ. ಕೊಡಗಿನಲ್ಲಿ ಹಾಗಲ್ಲ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೂ, ರೋಬಸ್ಟಾದ ಕೊಯ್ಲು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೂ ನಡೆಯುತ್ತದೆ. ಅದರ ಬೆನ್ನಿಗೇ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವ ಕೆಲಸ, ಕರಿಮೆಣಸು ಕೊಯ್ಯುವ ಕೆಲಸ. ಈ ತಿಂಗಳುಗಳಲ್ಲಿ ತೋಟದ ಮಾಲೀಕರಿಗಾಗಲೀ ಲೆಕ್ಕ ನೋಡುವ ರೈಟರಿಗಾಗಲೀ ಕೊಯ್ಯುವ ಕಾರ್ಮಿಕರಿಗಾಗಲೀ ಒಂದು ಹಗಲು ಬಿಡುವುದು ನಿಜವಾದ ನಷ್ಟ. ಹೋಂಸ್ಟೇ ನಡೆಸುವವರಿಗೆ ಶನಿವಾರ ಭಾನುವಾರ, ಡಿಸೆಂಬರ್ ಕೊನೆ ಮತ್ತು ಏಪ್ರಿಲ್–ಮೇ ತಿಂಗಳುಗಳಲ್ಲಿ ಕೈ ಬಿಡುವಿರುವುದಿಲ್ಲ. ಶಿಕ್ಷಕರಿಗೆ ಫೆಬ್ರವರಿ–ಮಾರ್ಚ್ ಪರೀಕ್ಷೆಯ ಕಾಲ ಮತ್ತು ಜೂನ್ ದಾಖಲಾತಿಯ ಕಾಲ, ಬ್ಯಾಂಕಿನವರಿಗೆ ಮಾರ್ಚ್ ಕೊನೆ.

ಇದರ ಪಕ್ಕದಲ್ಲಿ ಮಗುವಿನ ಕಾಲವನ್ನು ಬರೆಯಿರಿ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಂತೆ ಹುಟ್ಟಿದಾಗ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ ಮತ್ತು ಹೆಪಟೈಟಿಸ್ ಬಿ. 6, 10 ಮತ್ತು 14 ವಾರಗಳಲ್ಲಿ ಐದು ಕಾಯಿಲೆಗಳನ್ನು ತಡೆಯುವ ಪೆಂಟಾವೇಲೆಂಟ್, ರೋಟಾವೈರಸ್ ಮತ್ತು ಪೋಲಿಯೊ. 9 ತಿಂಗಳು ತುಂಬಿದ ಮೇಲೆ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಮತ್ತು ವಿಟಮಿನ್ ಎ. 16ರಿಂದ 24 ತಿಂಗಳೊಳಗೆ ದಡಾರ–ರುಬೆಲ್ಲಾ ಎರಡನೇ ಡೋಸ್ ಮತ್ತು ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್. 5ರಿಂದ 6 ವರ್ಷದೊಳಗೆ ಮತ್ತೊಂದು ಡಿಪಿಟಿ. 10ನೇ ಮತ್ತು 16ನೇ ವಯಸ್ಸಿನಲ್ಲಿ ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿಡಿ ಲಸಿಕೆ ಇರುತ್ತದೆ. ಇವುಗಳ ನಡುವೆ ಬರುವ ಇತರ ಡೋಸ್‌ಗಳನ್ನು ತಾಯಿ ಕಾರ್ಡ್‌ನಲ್ಲಿ (ಆರೋಗ್ಯ ಇಲಾಖೆ ಕೊಡುವ ತಾಯಿ ಮತ್ತು ಮಗುವಿನ ದಾಖಲೆ ಪುಸ್ತಿಕೆ) ನೋಡಿ ಸೇರಿಸಿಕೊಳ್ಳಿ. ಮಗು ಹುಟ್ಟಿದ ದಿನ ಗೊತ್ತಿದ್ದರೆ ಇವುಗಳಲ್ಲಿ ಪ್ರತಿಯೊಂದರ ದಿನವನ್ನೂ ವರ್ಷಗಳ ಮುಂಚೆಯೇ ಕ್ಯಾಲೆಂಡರಿನಲ್ಲಿ ಗುರುತಿಸಬಹುದು. ‘ಇದ್ದಕ್ಕಿದ್ದಂತೆ ಬಂತು’ ಎಂದು ಲಸಿಕೆಯ ವಿಷಯದಲ್ಲಿ ಹೇಳಬೇಕಾದ ಸಂದರ್ಭವೇ ಇಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಅಕ್ಟೋಬರ್‌ನಲ್ಲಿ ಹುಟ್ಟಿದ ಮಗುವಿಗೆ 9 ತಿಂಗಳು ತುಂಬುವುದು ಜುಲೈನ ಜೋರು ಮಳೆಯಲ್ಲಿ. ದಡಾರದ ಲಸಿಕೆಯನ್ನು ಮಳೆ ನಿಲ್ಲಲಿ ಎಂದು ಮುಂದೂಡಬಾರದು. ಅದು ಊರಿನ ಆರೋಗ್ಯ ಉಪಕೇಂದ್ರದಲ್ಲಿಯೇ ಸಿಗುವುದರಿಂದ, ಮಳೆಗಾಲದಲ್ಲಿ ತೋಟದ ಕೆಲಸದ ಒತ್ತಡ ಕಡಿಮೆ ಇರುವ ತಂದೆಯೇ ಅದನ್ನು ವಹಿಸಿಕೊಳ್ಳಬಹುದು. ಅದೇ ಮಗುವಿಗೆ 16 ತಿಂಗಳಾಗುವುದು ಫೆಬ್ರವರಿಯಲ್ಲಿ, ರೋಬಸ್ಟಾ ಕೊಯ್ಲಿನ ನಡುವೆ, ಶಾಲೆಯ ಪರೀಕ್ಷೆಯ ಹೊಸ್ತಿಲಲ್ಲಿ. ಆ ಡೋಸ್‌ಗೆ 24 ತಿಂಗಳವರೆಗೆ ಅವಕಾಶವಿರುವುದರಿಂದ, ತಾಯಿ ಶಿಕ್ಷಕಿಯಾಗಿದ್ದರೆ ಬೇಸಿಗೆ ರಜೆ ಆರಂಭವಾದ ಮೊದಲ ವಾರಕ್ಕೆ ಅದನ್ನು ನಿಗದಿಪಡಿಸಿ ಆರೋಗ್ಯ ಕಾರ್ಯಕರ್ತೆಗೆ ಮೊದಲೇ ತಿಳಿಸಬಹುದು. ಯಾವುದಕ್ಕೆ ಕಾಲಾವಕಾಶವಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ತಿಳಿದಿದ್ದರೆ ಹಂಚಿಕೆಯ ಮಾತು ಬಹಳ ಸಲೀಸಾಗುತ್ತದೆ. ಯಾವುದೋ ಕಾರಣದಿಂದ ಒಂದು ಡೋಸ್ ತಪ್ಪಿಹೋಗಿದ್ದರೆ ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಸಂಕೋಚಪಟ್ಟು ಇನ್ನಷ್ಟು ತಡಮಾಡದೆ ಕಾರ್ಡ್ ಹಿಡಿದು ಹೋಗಿ ಕೇಳಬೇಕು.

ಲಸಿಕೆಯ ದಿನದ ಜೊತೆಗೆ ಅದರ ಮರುದಿನವನ್ನೂ ಹಂಚಿಕೊಳ್ಳಿ. ಅನೇಕ ಮಕ್ಕಳಿಗೆ ಚುಚ್ಚುಮದ್ದಿನ ನಂತರ ಒಂದೆರಡು ದಿನ ಸಣ್ಣ ಜ್ವರ, ಚುಚ್ಚಿದ ಜಾಗದಲ್ಲಿ ನೋವು, ಹಠ ಇರುತ್ತವೆ. ಒಬ್ಬರು ಲಸಿಕೆ ಹಾಕಿಸಿಕೊಂಡು ಬಂದರೆ ಮರುದಿನ ಮನೆಯಲ್ಲಿರುವವರು ಇನ್ನೊಬ್ಬರು ಎಂದು ಮೊದಲೇ ತೀರ್ಮಾನಿಸಿದರೆ ಬೆಳಿಗ್ಗೆ ಆರು ಗಂಟೆಗೆ ಯಾರು ರಜೆ ಹಾಕಬೇಕು ಎಂಬ ವಾದ ಹುಟ್ಟುವುದಿಲ್ಲ.

ಮೂರನೇ ಹೆಜ್ಜೆ: ವಿಷಯವನ್ನು ಇಡಿಯಾಗಿ ಒಬ್ಬರಿಗೆ ಒಪ್ಪಿಸುವುದು

ಈಗ ಹಂಚಿಕೆ. ಲಸಿಕೆ ಒಬ್ಬರದು, ಹಲ್ಲು ಮತ್ತು ಕಣ್ಣು ಇನ್ನೊಬ್ಬರದು; ಅಲರ್ಜಿ ಅಥವಾ ಉಬ್ಬಸ ಇದ್ದರೆ ಅದರ ಸಂಪೂರ್ಣ ಉಸ್ತುವಾರಿ ಒಬ್ಬರದು; ಶಾಲೆಯಿಂದ ಬರುವ ಆರೋಗ್ಯದ ಚೀಟಿಗಳು ಇನ್ನೊಬ್ಬರವು. ವಹಿಸಿಕೊಂಡವರು ನೆನಪಿಟ್ಟುಕೊಳ್ಳುವುದರಿಂದ ಹಿಡಿದು ವರದಿಯನ್ನು ಕಡತಕ್ಕೆ ಸೇರಿಸುವವರೆಗೆ ಎಲ್ಲವನ್ನೂ ಮಾಡಬೇಕು. ಆ ದಿನ ತಾವು ಹೋಗಲಾಗದಿದ್ದರೆ ಇನ್ನೊಬ್ಬರನ್ನು ಕಳುಹಿಸುವ ಏರ್ಪಾಡು ಮಾಡುವುದೂ ಅವರ ಕೆಲಸವೇ. ಇನ್ನೊಬ್ಬರು ‘ನೀವು ಮಾಡಿದಿರಾ’ ಎಂದು ದಿನವೂ ನೆನಪಿಸುವಂತಿರಬಾರದು, ಏಕೆಂದರೆ ನೆನಪಿಸುವುದೂ ಒಂದು ಹೊರೆಯೇ.

ಇಲ್ಲಿ ತಾಯಂದಿರಿಗೆ ಹೇಳಬೇಕಾದ ಒಂದು ಮಾತಿದೆ. ಗಂಡ ವಹಿಸಿಕೊಂಡ ವಿಷಯವನ್ನು ಅವರದೇ ರೀತಿಯಲ್ಲಿ ಮಾಡಲು ಬಿಡಿ. ಅವರು ಮಗುವಿಗೆ ಬೇರೆ ಸ್ವೆಟರ್ ಹಾಕಿದರೆ, ಬೇರೆ ಔಷಧಿ ಅಂಗಡಿಗೆ ಹೋದರೆ ತೊಂದರೆಯಿಲ್ಲ. ಔಷಧಿಯ ಪ್ರಮಾಣ, ವೇಳೆ, ಮರುಭೇಟಿಯ ದಿನ, ಇಷ್ಟರಲ್ಲಿ ಮಾತ್ರ ರಾಜಿ ಬೇಡ. ತಂದೆಯರಿಗೂ ಹೇಳಬೇಕಾದದ್ದಿದೆ: ವೈದ್ಯರು ‘ಮಗು ಎಷ್ಟು ದಿನದಿಂದ ಊಟ ಬಿಟ್ಟಿದೆ’ ಎಂದು ಕೇಳಿದಾಗ ಹೆಂಡತಿಗೆ ಫೋನ್ ಮಾಡಿ ಕೊಡುವುದು ಜವಾಬ್ದಾರಿ ವಹಿಸಿಕೊಂಡಂತೆ ಆಗುವುದಿಲ್ಲ. ಹೋಗುವ ಮುನ್ನ ರಾತ್ರಿಯೇ ಕೇಳಿ ತಿಳಿದು ಬರೆದುಕೊಂಡು ಹೋಗಬೇಕು.

ಆರು ತಿಂಗಳಿಗೊಮ್ಮೆ ವಿಷಯಗಳನ್ನು ಅದಲು ಬದಲು ಮಾಡಿಕೊಳ್ಳುವುದು ಒಳ್ಳೆಯದು, ಮತ್ತು ಕೊಡಗಿನ ಮನೆಗಳಿಗೆ ಅದಕ್ಕೆ ಸಹಜವಾದ ಗಡಿಗಳು ಮಳೆಗಾಲದ ಆರಂಭ ಹಾಗೂ ಕೊಯ್ಲಿನ ಆರಂಭ. ತೋಟ ನೋಡಿಕೊಳ್ಳುವವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚು ಹೊರೆ ಹೊತ್ತು, ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಿಮೆ ಹೊರಲಿ. ವರ್ಷದ ಲೆಕ್ಕದಲ್ಲಿ ಸಮವಾಗಿದ್ದರೆ ಸಾಕು, ವಾರದ ಲೆಕ್ಕದಲ್ಲಿ ಸಮವಾಗಿರಲೇಬೇಕೆಂದಿಲ್ಲ.

ಒಂದೇ ತೋಟದಲ್ಲಿ ದಿನಗೂಲಿಗೆ ಅಥವಾ ಕೊಯ್ದ ಕಿಲೋ ಲೆಕ್ಕಕ್ಕೆ ದುಡಿಯುತ್ತ ಲೈನ್ ಮನೆಯಲ್ಲಿ (ತೋಟದ ಕಾರ್ಮಿಕರ ಸಾಲು ಮನೆ) ವಾಸಿಸುವ ದಂಪತಿಗಳ ಸಂಗತಿ ಹೆಚ್ಚು ಕಷ್ಟದ್ದು, ಯಾರು ಹೋದರೂ ಆ ದಿನದ ಕೂಲಿ ಹೋಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ ‘ಹೇಗೂ ನಿನಗೆ ಬಸ್ ಉಚಿತ’ ಎಂದು ಎಲ್ಲ ಭೇಟಿಗಳೂ ತಾಯಿಗೇ ಬೀಳುವುದುಂಟು. ಇಂತಹ ಮನೆಗಳಲ್ಲಿ ತಾಯಿ ಪ್ರಯಾಣ ಮಾಡಿದರೆ ಆ ದಿನದ ಅಡುಗೆ, ನೀರು, ಇನ್ನೊಂದು ಮಗುವಿನ ಪಾಲನೆ ಮತ್ತು ರಾತ್ರಿಯ ಔಷಧಿ ತಂದೆಯ ಪಾಲಿಗೆ ಬರಬೇಕು. ತೋಟದ ವಾರದ ರಜೆಯ ದಿನ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುತ್ತದೆಯೇ ಎಂದು ಒಮ್ಮೆ ವಿಚಾರಿಸಿಡುವುದರಿಂದ ಎಷ್ಟೋ ದಿನಗಳ ಕೂಲಿ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ಒಂದು ಕಡತ, ಇಬ್ಬರ ಕೈಯಲ್ಲಿ

ಮಳೆಗಾಲದ ತೇವ ತಾಗದಂತೆ ಪ್ಲಾಸ್ಟಿಕ್ ಕವರುಗಳಿರುವ ಒಂದು ಫೈಲ್ ಸಾಕು. ಅದರಲ್ಲಿ ತಾಯಿ ಕಾರ್ಡ್, ಮಗುವಿನ ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ, ಇದುವರೆಗಿನ ವೈದ್ಯರ ಚೀಟಿಗಳು ಹೊಸತು ಮೇಲಿರುವಂತೆ, ಪರೀಕ್ಷಾ ವರದಿಗಳು. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಮಗುವಿನ ಹುಟ್ಟಿದ ದಿನ, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ, ಇತ್ತೀಚಿನ ತೂಕ ಮತ್ತು ಅದನ್ನು ನೋಡಿದ ದಿನ ಇರಬೇಕು. ಮಕ್ಕಳ ಬಹುತೇಕ ಔಷಧಿಗಳ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ತೂಕವನ್ನು ಅಂದಾಜಿನಲ್ಲಿ ಹೇಳುವಂತಾಗಬಾರದು. ಪ್ರತಿ ಪುಟದ ಫೋಟೊ ಇಬ್ಬರ ಫೋನಿನಲ್ಲೂ ಇರಲಿ. ಲಸಿಕೆಗಳನ್ನು ದಾಖಲಿಸುವ ಸರ್ಕಾರದ ಯು–ವಿನ್ ಆನ್‌ಲೈನ್ ವ್ಯವಸ್ಥೆಯಲ್ಲಿ ಮಗುವಿನ ಲಸಿಕೆ ದಾಖಲಾಗಿದ್ದರೆ, ಅದು ಯಾರ ಮೊಬೈಲ್ ಸಂಖ್ಯೆಗೆ ಸೇರಿದೆ ಎಂಬುದನ್ನು ಇಬ್ಬರೂ ತಿಳಿದಿರಬೇಕು.

ಐದನೇ ಹೆಜ್ಜೆ: ಕೆಲಸದ ಸ್ಥಳದಲ್ಲಿ ಮೊದಲೇ ಮಾತನಾಡುವುದು

ಯಾವ ರಜೆ ಯಾರಿಗಿದೆ ಎಂಬುದನ್ನು ಮೊದಲು ತಿಳಿಯಿರಿ. ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ಮೊದಲ ಎರಡು ಮಕ್ಕಳಿಗೆ ತಾಯಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಇದೆ. ಇದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮೊದಲು ಪಡೆಯಬಹುದು. ಹಾಗೆ ಪಡೆದರೂ ಹೆರಿಗೆಯ ನಂತರ 18 ವಾರ ಉಳಿಯುವುದರಿಂದ 6, 10, 14 ವಾರಗಳ ಲಸಿಕೆಗಳು ಆಕೆಯ ರಜೆಯೊಳಗೇ ಬರುತ್ತವೆ, 9 ತಿಂಗಳ ಲಸಿಕೆ ಮಾತ್ರ ಆಕೆ ಕೆಲಸಕ್ಕೆ ಮರಳಿದ ಮೇಲೆ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಮರಳಿದ ತಾಯಿ ಮತ್ತೆ ರಜೆ ಕೇಳುವ ಮುಜುಗರಕ್ಕೆ ಒಳಗಾಗುವುದು ಇಂತಹ ಹೊತ್ತಿನಲ್ಲೇ. ಆ ಲಸಿಕೆಯನ್ನು ತಂದೆ ವಹಿಸಿಕೊಳ್ಳಲಿ ಎಂಬುದು ನನ್ನ ದೃಢವಾದ ಸಲಹೆ. ಕೇಂದ್ರ ಸರ್ಕಾರದ ನೌಕರರಾದ ತಂದೆಗೆ 15 ದಿನಗಳ ಪಿತೃತ್ವ ರಜೆ ಇದೆ. ಅದನ್ನು ಮಗು ಹುಟ್ಟಿದ ಆರು ತಿಂಗಳೊಳಗೆ ಬಳಸಿಕೊಳ್ಳಬಹುದಾದ್ದರಿಂದ, ಆರನೇ ವಾರದ ಲಸಿಕೆ ಅದರೊಳಗೆ ಬರುವಂತೆ ಯೋಜಿಸಬಹುದು. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರ ಆದೇಶದಂತೆ ಸೇವಾವಧಿಯಲ್ಲಿ ಒಟ್ಟು 180 ದಿನ ಶಿಶುಪಾಲನಾ ರಜೆ ಇದೆ. ಹೆಂಡತಿಗೆ ಈ ರಜೆ ಇದೆ ಎಂಬ ಕಾರಣಕ್ಕೆ ನೆಗಡಿ ಕೆಮ್ಮಿಗೂ ಅದನ್ನೇ ಖರ್ಚು ಮಾಡಿಸುವುದು ಸರಿಯಲ್ಲ. ಶಸ್ತ್ರಚಿಕಿತ್ಸೆ, ದೀರ್ಘಕಾಲದ ಕಾಯಿಲೆ ಅಥವಾ ಆಸ್ಪತ್ರೆಯಲ್ಲಿ ಉಳಿಯಬೇಕಾದ ದಿನಗಳು ಮುಂದೆ ಬರಬಹುದು. ಆಗ ಬೇಕಾಗುತ್ತದೆಂದು ಅದನ್ನು ಕಾಯ್ದಿಡಬೇಕು, ಸಣ್ಣ ಭೇಟಿಗಳಿಗೆ ಇಬ್ಬರೂ ಸಾಂದರ್ಭಿಕ ರಜೆಯನ್ನೋ ಅರ್ಧ ದಿನದ ರಜೆಯನ್ನೋ ಹಂಚಿ ಬಳಸಬೇಕು.

ಖಾಸಗಿ ಕೆಲಸದಲ್ಲಿರುವ ತಂದೆಗೆ ಇಂತಹ ರಜೆಯನ್ನು ಕಾನೂನು ಕಡ್ಡಾಯ ಮಾಡಿಲ್ಲ. ಆದ್ದರಿಂದ ಮಾತುಕತೆಯೇ ದಾರಿ. ‘ನಾಳೆ ಮಗುವಿಗೆ ಆಸ್ಪತ್ರೆ, ರಜೆ ಬೇಕು’ ಎನ್ನುವುದಕ್ಕಿಂತ ‘ಮುಂದಿನ ತಿಂಗಳ ಎರಡನೇ ಗುರುವಾರ ಮಗುವಿನ ತಪಾಸಣೆ ಇದೆ ಸರ್, ಮಧ್ಯಾಹ್ನ ಎರಡರೊಳಗೆ ಬಂದು ಸೇರುತ್ತೇನೆ, ಅಲ್ಲಿಯವರೆಗೆ ಕೌಂಟರನ್ನು ಸಹೋದ್ಯೋಗಿ ನೋಡಿಕೊಳ್ಳುತ್ತಾರೆ, ಅವರ ಶನಿವಾರದ ಪಾಳಿಯನ್ನು ನಾನು ಮಾಡುತ್ತೇನೆ’ ಎಂದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಬಸ್ ಚಾಲಕರು, ನಿರ್ವಾಹಕರು, ಪೊಲೀಸರು, ನರ್ಸ್‌ಗಳು ಪಾಳಿಯ ಪಟ್ಟಿ ಬರೆಯುವ ಮುನ್ನವೇ ತಿಳಿಸಬೇಕು. ತಂದೆಯೊಬ್ಬರು ಮಗುವಿನ ತಪಾಸಣೆಗಾಗಿ ರಜೆ ಕೇಳಿದಾಗ ‘ಮನೆಯಲ್ಲಿ ಹೆಂಗಸರಿಲ್ಲವೇ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದಕ್ಕೆ ಅಂಜಿ ಸುಳ್ಳು ಕಾರಣ ಕೊಡುವುದು ಬೇಡ. ನಿಜವಾದ ಕಾರಣವನ್ನೇ ರಜೆ ಅರ್ಜಿಯಲ್ಲಿ ಬರೆದರೆ ಮುಂದಿನವರಿಗೂ ದಾರಿಯಾಗುತ್ತದೆ.

ಆರನೇ ಹೆಜ್ಜೆ: ಎಲ್ಲಿಗೆ, ಯಾವ ದಿನ, ಯಾವ ದಾರಿಯಲ್ಲಿ

ಹತ್ತಿರದಲ್ಲಿ ಆಗುವ ಕೆಲಸಕ್ಕೆ ದೂರ ಹೋಗಬೇಡಿ. ಲಸಿಕೆ, ತೂಕ, ಸಣ್ಣ ಕಾಯಿಲೆಗಳಿಗೆ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ಅದಕ್ಕೂ ಮೇಲೆ ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆಗಳು. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ. ವೈದ್ಯರನ್ನು ಮುಖತಃ ಕಾಣಲೇಬೇಕಾಗಿಲ್ಲದ ಸಂದೇಹಗಳಿಗೆ ಸರ್ಕಾರದ ಇ–ಸಂಜೀವಿನಿ ದೂರಸಮಾಲೋಚನೆ ಉಚಿತವಾಗಿ ಸಿಗುತ್ತದೆ, 104 ಆರೋಗ್ಯ ಸಹಾಯವಾಣಿಯೂ ಇದೆ. ಮಡಿಕೇರಿಯಲ್ಲಿ ಶುಕ್ರವಾರ ಸಂತೆಯ ದಟ್ಟಣೆ, ವಾರಾಂತ್ಯದಲ್ಲಿ ಪ್ರವಾಸಿಗರ ವಾಹನಗಳ ಸಾಲು; ಆಯ್ಕೆ ನಿಮ್ಮ ಕೈಯಲ್ಲಿದ್ದರೆ ವಾರದ ನಡುವಿನ ದಿನವನ್ನು ಆರಿಸಿಕೊಳ್ಳಿ.

ತಜ್ಞರ ಬಳಿಗೆ ಹೋಗಬೇಕಾದರೆ ಕೊಡಗಿನವರಿಗೆ ಮೈಸೂರು ಇಲ್ಲವೇ ಮಂಗಳೂರೇ ಗತಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್; ಜಿಲ್ಲೆಯಲ್ಲಿ ರೈಲಿಲ್ಲ; ಹೀಗಾಗಿ ಅದು ಇಡೀ ದಿನದ ಕೆಲಸ. ಮೈಸೂರಿನಲ್ಲಿ ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ, ಮಾತು ಮತ್ತು ಶ್ರವಣದ ತೊಂದರೆಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಹೃದಯದ ತೊಂದರೆಗೆ ಜಯದೇವ ಆಸ್ಪತ್ರೆಯ ಶಾಖೆ ಇವೆ; ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆ ಇದೆ. ಸಾಧ್ಯವಾದರೆ ಮೊದಲ ಭೇಟಿಗೆ ಮಾತ್ರ ಇಬ್ಬರೂ ಹೋಗಿ. ರೋಗ ಯಾವುದು, ಚಿಕಿತ್ಸೆಯ ದಾರಿ ಯಾವುದು ಎಂಬುದನ್ನು ಇಬ್ಬರೂ ವೈದ್ಯರ ಬಾಯಿಂದಲೇ ಕೇಳಿದರೆ ಮುಂದಿನ ಎಷ್ಟೋ ಭೇಟಿಗಳಿಗೆ ಯಾರಾದರೊಬ್ಬರು ನೆಮ್ಮದಿಯಿಂದ ಹೋಗಿಬರಬಹುದು. ಮರುಭೇಟಿಯ ದಿನವನ್ನು ಅಲ್ಲೇ ಕೇಳಿ, ಎರಡು ತಪಾಸಣೆಗಳನ್ನು ಒಂದೇ ದಿನಕ್ಕೆ ಸೇರಿಸಲು ಸಾಧ್ಯವೇ ಎಂದು ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆ ಪಡೆಯಬೇಕೆಂದಿದ್ದರೆ, ತುರ್ತು ಸಂದರ್ಭವಲ್ಲದಿದ್ದಾಗ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಬಗ್ಗೆ ಹೊರಡುವ ಮೊದಲೇ ಕೇಳಿಕೊಳ್ಳಬೇಕು. ಆ ಕಾಗದವಿಲ್ಲದೆ ಮೈಸೂರು ತಲುಪಿದರೆ ಒಂದು ದಿನದ ರಜೆ ಸುಮ್ಮನೆ ಹಾಳಾಗುತ್ತದೆ.

ತಿತಿಮತಿ, ಸಿದ್ದಾಪುರ, ಪಾಲಿಬೆಟ್ಟದ ಕಡೆಯವರು ಬೆಳಗಿನ ಜಾವ ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡು ಮೊದಲ ಬಸ್ಸಿಗೆ ಹೊರಡುವುದು ಆನೆಗಳು ಓಡಾಡುವ ಹೊತ್ತಿನಲ್ಲಿ ಅಪಾಯ. ಬೆಳಕು ಹರಿದ ಮೇಲೆ ಹೊರಟು ತಲುಪಬಹುದಾದ ವೇಳೆಗೆ ಟೋಕನ್ ಕೇಳಿಕೊಳ್ಳಿ.

ಏಳನೇ ಹೆಜ್ಜೆ: ಮರಳಿ ಬಂದ ಮೇಲೆ

ಹಂಚಿಕೆ ಹೆಚ್ಚಾಗಿ ಮುರಿಯುವುದು ಭೇಟಿಯ ದಿನವಲ್ಲ, ಅದರ ನಂತರದ ವಾರದಲ್ಲಿ. ಆದ್ದರಿಂದ ಆಸ್ಪತ್ರೆಯ ಆವರಣದಿಂದ ಹೊರಬೀಳುವ ಮುನ್ನ, ಮರೆಯುವುದಕ್ಕೆ ಮೊದಲೇ, ಹೋದವರು ಇನ್ನೊಬ್ಬರಿಗೆ ಒಂದು ಸಂದೇಶ ಕಳುಹಿಸಬೇಕು. ಅದರಲ್ಲಿ ಐದು ವಿಷಯಗಳಿದ್ದರೆ ಸಾಕು: ವೈದ್ಯರು ಏನೆಂದು ಹೇಳಿದರು, ಯಾವ ಔಷಧಿ ಎಷ್ಟು ಹೊತ್ತಿಗೆ ಎಷ್ಟು ದಿನ, ಏನು ಕಂಡರೆ ತಕ್ಷಣ ಮರಳಿ ಬರಬೇಕು, ಯಾವ ವರದಿ ಎಂದು ಬರುತ್ತದೆ, ಮುಂದಿನ ಭೇಟಿ ಎಂದು. ಉದಾಹರಣೆಗೆ: ‘ರೀ, ಗಂಟಲು ಸೋಂಕಂತೆ. ಆ್ಯಂಟಿಬಯೋಟಿಕ್ ದಿನಕ್ಕೆ ಎರಡು ಸಲ ಐದು ದಿನ, ಜ್ವರ ಇಳಿದರೂ ನಿಲ್ಲಿಸಬಾರದು ಅಂದ್ರು. ನೀರು ಕುಡಿಯದಿದ್ದರೆ ಅಥವಾ ಮೂರು ದಿನಕ್ಕೂ ಜ್ವರ ಬಿಡದಿದ್ದರೆ ಮತ್ತೆ ಬರಬೇಕು. ರಕ್ತದ ವರದಿ ನಾಳೆ ಸಂಜೆ, ನೀವು ತರುತ್ತೀರಾ?’ ಧ್ವನಿ ಸಂದೇಶಕ್ಕಿಂತ ಬರೆದ ಸಂದೇಶ ಮೇಲು, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಮತ್ತೆ ಹುಡುಕಿದರೆ ಸಿಗುತ್ತದೆ.

ಔಷಧಿಯ ವಿಷಯದಲ್ಲಿ ಇಬ್ಬರು ಸೇರಿ ನೋಡಿಕೊಳ್ಳುವ ಮನೆಗಳಿಗೇ ಇರುವ ಒಂದು ಅಪಾಯವಿದೆ. ತಾಯಿ ಕೆಲಸಕ್ಕೆ ಹೊರಡುವ ಮುನ್ನ ಜ್ವರದ ಸಿರಪ್ ಕೊಟ್ಟಿರುತ್ತಾಳೆ, ಅದು ಗೊತ್ತಿಲ್ಲದೆ ತಂದೆ ಅರ್ಧ ಗಂಟೆಯ ನಂತರ ಮತ್ತೆ ಕೊಡುತ್ತಾನೆ, ಮಧ್ಯಾಹ್ನ ಅಜ್ಜಿಯೂ ಕೊಡುತ್ತಾರೆ. ಈ ಸಿರಪ್ಪಿನಲ್ಲಿರುವ ಪ್ಯಾರಸಿಟಮಾಲ್ ಮಿತಿಮೀರಿದರೆ ಯಕೃತ್ತಿಗೆ ಹಾನಿ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಬೇಕು, ವೈದ್ಯರು ಬೇರೆ ಹೇಳದ ಹೊರತು 24 ಗಂಟೆಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಾಗಬಾರದು. ಜೊತೆಗೆ, ಈ ಸಿರಪ್ 5 ಮಿಲಿಗೆ 120, 125, 250 ಮಿಲಿಗ್ರಾಂ ಹೀಗೆ ಬೇರೆ ಬೇರೆ ಪ್ರಮಾಣಗಳಲ್ಲಿ ಬರುತ್ತದೆ, ಎಳೆಗೂಸುಗಳ ಹನಿ ಔಷಧಿ ಇನ್ನೂ ಗಟ್ಟಿ. ಒಬ್ಬರು ಮಡಿಕೇರಿಯಲ್ಲಿ ಒಂದು, ಇನ್ನೊಬ್ಬರು ಕುಶಾಲನಗರದಲ್ಲಿ ಇನ್ನೊಂದು ಬಾಟಲಿ ಕೊಂಡಿದ್ದರೆ ‘ಒಂದು ಮುಚ್ಚಳ’ ಎಂಬ ಅಳತೆಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಒಂದೇ ಬಾಟಲಿ ಇರಲಿ, ಅದರ ಜೊತೆ ಬರುವ ಅಳತೆ ಲೋಟ ಅಥವಾ ಸಿರಿಂಜನ್ನೇ ಬಳಸಿ. ಫ್ರಿಜ್ಜಿನ ಬಾಗಿಲಿಗೋ ಅಡುಗೆಮನೆಯ ಗೋಡೆಗೋ ಒಂದು ಹಾಳೆ ಅಂಟಿಸಿ, ಕೊಟ್ಟವರು ಕೊಟ್ಟ ಕ್ಷಣವೇ ವೇಳೆ ಬರೆದು ಸಹಿ ಹಾಕಲಿ. ಹಾಳೆಯಲ್ಲಿ ಬರೆಯದಿದ್ದರೆ ಕೊಟ್ಟಿಲ್ಲ ಎಂದು ಊಹಿಸದೆ, ಫೋನ್ ಮಾಡಿ ಕೇಳಿದ ಮೇಲೆಯೇ ಕೊಡಬೇಕು.

ಶಾಲೆ ಮತ್ತು ಅಂಗನವಾಡಿಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮಕ್ಕಳನ್ನು ತಪಾಸಣೆ ಮಾಡಿ, ತೊಂದರೆ ಕಂಡರೆ ಮೇಲಿನ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತವೆ. ಆ ಚೀಟಿ ಮಗುವಿನ ಚೀಲದ ತಳದಲ್ಲಿ ಉಳಿದುಬಿಡಬಾರದು. ಶಾಲೆಯ ವಿಷಯ ವಹಿಸಿಕೊಂಡವರು ತಪಾಸಣೆಯ ದಿನ ಸಂಜೆ ಚೀಲವನ್ನು ತಾವೇ ತೆರೆದು ನೋಡಲಿ.

ಎಂಟನೇ ಹೆಜ್ಜೆ: ಹೇಳದೆ ಬರುವ ಕಾಯಿಲೆಗೆ ಮೊದಲೇ ಮಾಡಿಕೊಳ್ಳುವ ಒಪ್ಪಂದ

ಪ್ರತಿ ಭಾನುವಾರ ರಾತ್ರಿ ಐದು ನಿಮಿಷ ಮಾತನಾಡಿ, ಈ ವಾರ ಮಗುವಿಗೆ ಹುಷಾರು ತಪ್ಪಿದರೆ ಯಾವ ದಿನ ಯಾರು ಕೆಲಸ ಬಿಟ್ಟು ಬರುತ್ತಾರೆ ಎಂದು ತೀರ್ಮಾನಿಸಿ. ಶಾಲೆಗೆ ಕೊಟ್ಟಿರುವ ಮೊದಲ ಫೋನ್ ಸಂಖ್ಯೆ ಯಾರದು ಎಂಬುದನ್ನೂ ನೋಡಿ. ತೋಟದಲ್ಲಿ ನೆಟ್‌ವರ್ಕ್ ಸಿಗದವರ ಸಂಖ್ಯೆ ಮೊದಲು ಇದ್ದರೆ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಘೋಷಿಸಿದ ದಿನ ಮನೆಯಲ್ಲಿ ಉಳಿಯುವವರು ಯಾರು ಎಂಬುದೂ ಇದೇ ಮಾತುಕತೆಗೆ ಸೇರಬೇಕು.

ಯಾವುದಕ್ಕೆ ಕಾಯಬಾರದು ಎಂಬುದರಲ್ಲಿ ಇಬ್ಬರಿಗೂ ಒಂದೇ ತಿಳಿವಳಿಕೆ ಇರಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಮಗು ಹಾಲು ನೀರು ಕುಡಿಯಲಾಗದಿದ್ದರೆ, ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಹೊತ್ತು ನೋಡದೆ ಹೊರಡಬೇಕು. ಅತ್ತು ಮುಗಿದು ಶಾಂತವಾಗಿರುವಾಗ ಒಂದು ಪೂರ್ಣ ನಿಮಿಷ ಉಸಿರನ್ನು ಎಣಿಸಿ: ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಇಂತಹ ಹೊತ್ತಿನಲ್ಲಿ ಇನ್ನೊಬ್ಬರು ಕೆಲಸದಿಂದ ಬರಲಿ ಎಂದು ಕಾಯುವುದಾಗಲೀ ಅವರ ಅನುಮತಿ ಕೇಳುವುದಾಗಲೀ ಬೇಡ. ಮಗುವಿನ ಬಳಿ ಇರುವವರು 108ಕ್ಕೆ ಕರೆ ಮಾಡಿ ಹೊರಡುವುದು, ಆಮೇಲೆ ತಿಳಿಸುವುದು ಎಂಬುದು ಇಬ್ಬರೂ ಮುಂಚೆಯೇ ಒಪ್ಪಿದ ನಿಯಮವಾಗಿರಬೇಕು.

ಜೂನ್ ಬರುವ ಮೊದಲು ಇನ್ನೂ ಕೆಲವು ಸಿದ್ಧತೆಗಳು ಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿಯೇ ಕಡಿದುಹೋಗಿತ್ತು. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಉಕ್ಕಿದಾಗ ಸುತ್ತಲಿನ ರಸ್ತೆಗಳ ಮೇಲೆ ನೀರು ನಿಲ್ಲುವುದು ಮಳೆಗಾಲದಲ್ಲಿ ಸಾಮಾನ್ಯ. ಆದ್ದರಿಂದ ಮುಂದೂಡಬಹುದಾದ ತಜ್ಞರ ಭೇಟಿಗಳನ್ನು ಮೇ ತಿಂಗಳೊಳಗೆ ಮುಗಿಸಿ ಅಥವಾ ಅಕ್ಟೋಬರ್‌ಗೆ ಇರಿಸಿ. ಉಬ್ಬಸವಿರುವ ಮಗುವಿನ ಇನ್‌ಹೇಲರ್, ಫಿಟ್ಸ್‌ನ ಮಾತ್ರೆ ಇತ್ಯಾದಿ ನಿತ್ಯದ ಔಷಧಿಗಳು ವೈದ್ಯರನ್ನು ಕೇಳಿ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಓಆರ್‌ಎಸ್ ಪೊಟ್ಟಣಗಳು, ಥರ್ಮಾಮೀಟರ್, ಚಾರ್ಜ್ ಮಾಡಿದ ಟಾರ್ಚ್, ರಾತ್ರಿ ಜೀಪು ಕೊಡಬಲ್ಲ ನೆರೆಯವರ ಫೋನ್ ಸಂಖ್ಯೆ, ಇವುಗಳ ಉಸ್ತುವಾರಿಯೂ ಹೆಸರು ಹಿಡಿದು ಒಬ್ಬರದಾಗಿರಬೇಕು. ರಸ್ತೆ ಬಂದ್ ಆಗಿ ಒಬ್ಬರು ಪೇಟೆಯಲ್ಲೇ ಸಿಕ್ಕಿಕೊಂಡರೆ ಮನೆಯಲ್ಲಿರುವವರು ಒಬ್ಬರೇ ಎಲ್ಲವನ್ನೂ ನಿಭಾಯಿಸಬೇಕಾಗುತ್ತದೆ ಎಂಬುದನ್ನು ಗಮನದಲ್ಲಿಟ್ಟು ಸಿದ್ಧರಾಗಿ.

ಅಜ್ಜ ಅಜ್ಜಿಯರ ನೆರವು

ಅತ್ತೆ ಮಾವ ಅಥವಾ ತಾಯಿ ತಂದೆ ಜೊತೆಯಲ್ಲಿದ್ದರೆ ಅದು ದೊಡ್ಡ ಆಸರೆ, ಆದರೆ ಅವರದು ನೆರವೇ ಹೊರತು ಹೊಣೆಯಲ್ಲ. ಅವರ ಜೊತೆ ಮಗುವನ್ನು ಕಳುಹಿಸುವಾಗ ಕಡತ, ಕೇಳಬೇಕಾದ ಪ್ರಶ್ನೆಗಳ ಚೀಟಿ ಮತ್ತು ಚಿಕಿತ್ಸೆಗೆ ಒಪ್ಪಿಗೆಯಿದೆ ಎಂದು ತಂದೆ ಅಥವಾ ತಾಯಿ ಸಹಿ ಹಾಕಿದ ಪತ್ರ ಕೊಡಿ. ಆ ಹೊತ್ತಿನಲ್ಲಿ ಇಬ್ಬರಲ್ಲೊಬ್ಬರು ಫೋನಿಗೆ ಸಿಗುವಂತಿರಬೇಕು. ಮನೆಮದ್ದು ಕೊಡುವ ವಿಷಯದಲ್ಲಿ ಹಿರಿಯರೊಂದಿಗೆ ಮಾತನಾಡಬೇಕಾಗಿ ಬಂದರೆ ಅವರವರ ಮಕ್ಕಳೇ ಮಾತನಾಡುವುದು ಒಳ್ಳೆಯದು. ಸೊಸೆ ಅತ್ತೆಗೆ ಹೇಳುವುದಕ್ಕಿಂತ ಮಗ ‘ಅಮ್ಮ, ಡಾಕ್ಟರು ಬೇಡ ಅಂದಿದ್ದಾರೆ’ ಎಂದರೆ ಮನಸ್ತಾಪಕ್ಕೆ ಎಡೆಯಾಗುವುದಿಲ್ಲ.

ಮಕ್ಕಳು ದೊಡ್ಡವರಾದಂತೆ

ಹತ್ತು ಹನ್ನೆರಡು ವಯಸ್ಸು ದಾಟಿದ ಮಕ್ಕಳ ವಿಷಯದಲ್ಲಿ ಈ ಹಂಚಿಕೆಗೆ ಮೂರನೆಯವರೂ ಸೇರುತ್ತಾರೆ. ಯಾರ ಜೊತೆ ಹೋಗಲು ಇಷ್ಟ ಎಂದು ಅವರನ್ನೇ ಕೇಳಿ. ಮಗಳು ತಾಯಿಯೊಂದಿಗೆ, ಮಗ ತಂದೆಯೊಂದಿಗೆ ಹೋಗಲು ಬಯಸುವ ಸಂದರ್ಭಗಳಿರುತ್ತವೆ, ಮತ್ತು ಆ ವಯಸ್ಸಿನವರೆಗೆ ಒಮ್ಮೆಯೂ ಆಸ್ಪತ್ರೆಗೆ ಕರೆದೊಯ್ಯದ ತಂದೆಯ ಬಳಿ ಮಗ ಹೇಳಿಕೊಳ್ಳುವುದು ಕಷ್ಟ. ವೈದ್ಯರ ಮುಂದೆ ತಮ್ಮ ತೊಂದರೆಯನ್ನು ಮೊದಲು ಅವರೇ ಹೇಳಲಿ, ಬಿಟ್ಟುಹೋದದ್ದನ್ನು ನೀವು ಸೇರಿಸಿ. ಪಿಯುಸಿಗಾಗಿ ಮೈಸೂರಿಗೋ ಮೂಡಬಿದಿರೆಗೋ ಹಾಸ್ಟೆಲ್ ಸೇರುವ ಮುನ್ನ 16ನೇ ವಯಸ್ಸಿನ ಟಿಡಿ ಲಸಿಕೆ ಆಗಿದೆಯೇ ಎಂದು ನೋಡಿ, ಕಡತದ ಪೂರ್ಣ ಪ್ರತಿಯನ್ನು ಅವರ ಕೈಗೆ ಕೊಟ್ಟು, ಯಾವ ಔಷಧಿ ತಮಗೆ ಒಗ್ಗುವುದಿಲ್ಲ ಎಂಬುದನ್ನು ಅವರಿಂದಲೇ ಒಮ್ಮೆ ಹೇಳಿಸಿ. ಹಾಸ್ಟೆಲಿನ ಅರ್ಜಿಯಲ್ಲಿ ತುರ್ತು ಸಂಪರ್ಕದ ಜಾಗದಲ್ಲಿ ಇಬ್ಬರ ಸಂಖ್ಯೆಯನ್ನೂ ಬರೆಯಿರಿ. ಕರೆ ಬಂದಾಗ ಮೊದಲು ಹೊರಡುವವರು ಯಾರೆಂದು ಆ ತಿಂಗಳ ಕೆಲಸ ನೋಡಿ ಇಬ್ಬರೂ ಮೊದಲೇ ಮಾತಾಡಿಕೊಂಡಿರಿ.